ಗಳಿಕೆಯ ಅಂಕಿ ಪ್ರೇಕ್ಷಕರ ಲೆಕ್ಕವಲ್ಲ

‘ಅತಿ ಹೆಚ್ಚು ಗಳಿಸಿದ ಚಿತ್ರವನ್ನೇ ಅತಿ ಹೆಚ್ಚು ಜನ ನೋಡಿದ್ದಾರೆ, ಆ ಹಣವೆಲ್ಲ ನಿರ್ಮಾಪಕರಿಗೇ ಸೇರುತ್ತದೆ’ ಎಂಬ ಮಾತು ದೊಡ್ಡ ಚಿತ್ರವೊಂದು ತೆರೆಕಂಡಾಗಲೆಲ್ಲ ಹರಿದಾಡುತ್ತದೆ. ಎರಡೂ ತಪ್ಪು.

2009ರ ‘ಅವತಾರ್’ ಜಗತ್ತಿನಾದ್ಯಂತ 290 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿ ಗಳಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದೆ. 1939ರ ‘ಗಾನ್ ವಿತ್ ದ ವಿಂಡ್’ ಗಳಿಸಿದ್ದು ಅದರ ಏಳನೆಯ ಒಂದು ಭಾಗದಷ್ಟು. ಆದರೆ ಮರುಬಿಡುಗಡೆಗಳೂ ಸೇರಿ ಉತ್ತರ ಅಮೆರಿಕದಲ್ಲಿ ಅದಕ್ಕೆ ಸುಮಾರು 20 ಕೋಟಿ ಟಿಕೆಟ್ ಮಾರಾಟವಾದ ಅಂದಾಜಿದೆ. ‘ಅವತಾರ್’ಗೆ ಅಲ್ಲಿ ಅದರ ಅರ್ಧದಷ್ಟು. ಟಿಕೆಟ್ ದರ ಏರಿದೆ, ತ್ರೀಡಿ ಮತ್ತು ಐಮ್ಯಾಕ್ಸ್ ಪ್ರದರ್ಶನಗಳಿಗೆ ಇನ್ನೂ ಹೆಚ್ಚು. ಒಟ್ಟು ಗಳಿಕೆಯಲ್ಲಿ ಕಾಣುವುದು ಹಣ ಮಾತ್ರ, ತಲೆ ಎಣಿಕೆಯಲ್ಲ.

ಇನ್ನು ನಿರ್ಮಾಪಕರ ಪಾಲು. ತೆರಿಗೆ, ಚಿತ್ರಮಂದಿರದ ಪಾಲು, ವಿತರಕರ ಕಮಿಷನ್, ಪ್ರಚಾರದ ಖರ್ಚು ಕಳೆದ ಮೇಲೆ ಉಳಿದದ್ದಷ್ಟೇ ಅವರದು; ಅದರಲ್ಲೇ ನಿರ್ಮಾಣದ ವೆಚ್ಚವೂ ಹುಟ್ಟಬೇಕು. ಹೀಗಾಗಿ ಭಾರಿ ಗಳಿಕೆಯ ಚಿತ್ರ ನಷ್ಟ ಅನುಭವಿಸುವುದೂ, ಸಣ್ಣ ಚಿತ್ರ ಲಾಭ ಕಾಣುವುದೂ ಉಂಟು.

ಮೊದಲ ವಾರಾಂತ್ಯದ ಅಂಕಿಯನ್ನಷ್ಟೇ ಹಿಡಿದು ಒಳ್ಳೆಯ ಚಿತ್ರವೊಂದನ್ನು ‘ಸೋತಿತು’ ಎಂದು ಸಾರುವುದು ನನಗೆ ನಿಜಕ್ಕೂ ನೋವು ತರುತ್ತದೆ. ಆ ಅಂಕಿಗಳಲ್ಲಿ ಹೆಚ್ಚಿನವು ಅಂದಾಜುಗಳೇ. ಹಂಚುವ ಮುನ್ನ ಅದು ಒಟ್ಟು ಗಳಿಕೆಯೋ ತೆರಿಗೆ ಕಳೆದದ್ದೋ ಎಂದಾದರೂ ನೋಡಿಕೊಳ್ಳಿ.