ದೊಡ್ಡಪ್ಪನ ಹಲ್ಲಿಗೊಂದು ಸೀಟು

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯೋಕೆ ಮನುಷ್ಯನೇ ಬೇಕಾಗಿಲ್ಲ, ಕಿಟಕಿಯಿಂದ ಒಂದು ಕರ್ಚೀಫು ಎಸೆದರೆ ಸಾಕು. ಅದನ್ನು ಎತ್ತಿಟ್ಟು ಕೂರೋಕೆ ಎಂಥ ಗಟ್ಟಿಗನೂ ಹಿಂದೆಮುಂದೆ ನೋಡುತ್ತಾನೆ. ನಮ್ಮ ದೊಡ್ಡಪ್ಪನ ಹಲ್ಲು ಉಳಿದದ್ದು ಈ ಕಾನೂನಿನಿಂದಲೇ.

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯ್ತಲ್ಲ, ಈಗ ನಾನ್‌ಸ್ಟಾಪ್ ಬಸ್ಸುಗಳು ಊರುಗಳನ್ನೆಲ್ಲ ಬಿಟ್ಟು ಹೊರಗಿನಿಂದಲೇ ಓಡುತ್ತವೆ. ದೊಡ್ಡಪ್ಪನಿಗೆ ಅದು ಆಗಲ್ಲ. ಮದ್ದೂರಿನೊಳಗೆ ಹೋಗದ ಬಸ್ಸು ಅವರ ಲೆಕ್ಕದಲ್ಲಿ ಬಸ್ಸೇ ಅಲ್ಲ. ಕಾರಣ ಗೊತ್ತಲ್ಲ, ವಡೆ. ಮೈದಾ, ರವೆ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ಗರಿಗರಿಯಾಗಿ ಕರಿದ ಅದನ್ನು ಕಟ್ಟಿಸಿದ ಹಲ್ಲಲ್ಲಿ ಕಡಿಯೋದು ಸಾಹಸವೇ ಸರಿ. ಆವತ್ತು ಚೂರೊಂದು ಸೆಟ್ಟಿನ ಕೆಳಗೆ ಸೇರಿ ಒತ್ತತೊಡಗಿತು. ದೊಡ್ಡಪ್ಪ ಪಿಂಚಣಿ ಸುರಿದು ಕಟ್ಟಿಸಿದ್ದ ಆ ಸೆಟ್ಟನ್ನು ಮೆಲ್ಲಗೆ ತೆಗೆದು, ಕರ್ಚೀಫಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಉಳಿದ ವಡೆಯನ್ನು ಬರೀ ಒಸಡಲ್ಲೇ ಮುಗಿಸಿದರು. ಮಂಡ್ಯದಲ್ಲಿ ಇಳಿದರು. ಕರೆದುಕೊಂಡು ಹೋಗೋಕೆ ಬಂದಿದ್ದ ನನ್ನನ್ನು ನೋಡಿ ನಕ್ಕರು ನೋಡಿ, ದೊಡ್ಡಮ್ಮನಿಗೆ ಆಗ ಗೊತ್ತಾಯ್ತು.

ಪುಣ್ಯಕ್ಕೆ ದೊಡ್ಡಪ್ಪ ಟಿಕೆಟ್ ಎಸೆದಿರಲಿಲ್ಲ, ಅದರ ಹಿಂದೆ ಕಂಡಕ್ಟರು ಚಿಲ್ಲರೆ ಬಾಕಿ 40 ಅಂತ ಗೀಚಿದ್ದರು. (ದೊಡ್ಡಮ್ಮನದು ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು, ಅದು ಮದ್ದೂರಿನಲ್ಲೇ ವಡೆಯ ಎಣ್ಣೆ ಒರೆಸಿಕೊಂಡು ಹೋಗಿತ್ತು.) ಬಸ್ಸಿನ ನಂಬರು ಸಿಕ್ಕಿತು. ವಿಚಾರಣೆ ಕಿಟಕಿಗೆ ಓಡಿದೆ.

"ಏನ್ ಸಾರ್ ಕಳೆದಿರೋದು?"

"ಹಲ್ಲು."

"ಅದಕ್ಕೆ ಆಸ್ಪತ್ರೆಗೆ ಹೋಗಿ ಸಾರ್, ಇಲ್ಲಿಗ್ಯಾಕೆ ಬಂದ್ರಿ?"

ಬಿಡಿಸಿ ಹೇಳಿದ ಮೇಲೆ ನಗು ತಡೆದುಕೊಂಡೇ ಫೋನ್ ಹಚ್ಚಿದರು. ಆ ಕಡೆಯಿಂದ ಕಥೆ ಬಂತು. ಮಂಡ್ಯದಲ್ಲಿ ಬಸ್ಸು ಕಿಕ್ಕಿರಿದು ತುಂಬಿದರೂ ಕರ್ಚೀಫು ಇದ್ದ ಸೀಟನ್ನು ಯಾರೂ ಮುಟ್ಟಿಲ್ಲ. ಶ್ರೀರಂಗಪಟ್ಟಣದವರೆಗೆ ಜನ ನಿಂತು ಹೋಗಿದ್ದಾರೆ, ಹಲ್ಲು ಕೂತು ಹೋಗಿದೆ. ಅಲ್ಲಿ ಹತ್ತಿದ ಅಜ್ಜಿಯೊಬ್ಬರು "ಯಾವನವನು ಸೀಟು ಹಿಡಿದು ನಾಪತ್ತೆ ಆದೋನು" ಅಂತ ಬೈಯುತ್ತಾ ಕರ್ಚೀಫು ಕೊಡವಿದ್ದೇ ತಡ, ಕಿಟಾರನೆ ಕಿರುಚಿದರಂತೆ.

ಸಂಜೆ ಅದೇ ಬಸ್ಸು ವಾಪಸ್ ಬಂತು. ಕಂಡಕ್ಟರು ಗಂಟು ಹಿಡಿದು ಬಾಗಿಲಲ್ಲೇ ನಿಂತು, "ನಿಮ್ದೇ ಅಂತ ಏನ್ ಗ್ಯಾರಂಟಿ ಯಜಮಾನ್ರೇ?" ಅಂದರು. ದೊಡ್ಡಪ್ಪ ಮಾತಾಡದೆ ಬಾಯಿ ಅಗಲಿಸಿದರು. ಇಡೀ ಬಸ್ಸು ನಕ್ಕಿತು. ಅವರು ಮಾತ್ರ ನಲ್ಲಿಗೆ ಹೋಗಿ ಸೆಟ್ಟು ತೊಳೆದು, ಹಾಕಿಕೊಂಡು, ಜೇಬಿನಿಂದ ಟಿಕೆಟ್ ತೆಗೆದು ತಿರುಗಿಸಿ ತೋರಿಸಿದರು.

"ನಲವತ್ತು ರೂಪಾಯಿ ಬರಬೇಕಲ್ಲಪ್ಪ."