ಸೇದದ ಬಾವಡಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟವನ್ನು ಕತ್ತೆತ್ತಿ ನೋಡಿ, ತಮ್ಮ ಕೂಗನ್ನೇ ಏಳು ಸಲ ಕೇಳಿಸಿಕೊಂಡು ಊರ ದಾರಿ ಹಿಡಿಯುತ್ತಾರೆ. ಬಗ್ಗಿ ನೋಡಬೇಕಾದದ್ದು ಊರಿನ ಪಶ್ಚಿಮಕ್ಕೆ, ಮಕ್ಕಾ ದರವಾಜೆಯ ಹತ್ತಿರ ಉಳಿದೇಬಿಡುತ್ತದೆ. ಹೆಸರು ತಾಜ್ ಬಾವಡಿ. ಬಾವಿಯೆಂದು ಬಗ್ಗಿದರೆ ಕಾಣುವುದು ಕೆರೆ: ಒಂದೊಂದು ಬದಿ ಸುಮಾರು 223 ಅಡಿ. ಎಂಟು ಮೂಲೆಯ ಎರಡು ಗೋಪುರಗಳ ನಡುವೆ ದೊಡ್ಡ ಕಮಾನು, ಅಲ್ಲಿಂದ ನೀರಿಗಿಳಿಯುವ ಮೆಟ್ಟಿಲು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ್ದು, 1620ರದು. ಇದೇ ಊರಿನ, 1579ರ ಚಾಂದ್ ಬಾವಡಿ ಇದಕ್ಕೆ ಹಿರಿಯಕ್ಕ. ಕಮಾನಿನ ಎರಡೂ ಮಗ್ಗುಲಿಗೆ ಪ್ರಯಾಣಿಕರ ವಸತಿ ಇತ್ತು. ಬಿಸಿಲೂರಿನಲ್ಲಿ ನೀರಿನ ಪಕ್ಕದಲ್ಲೇ ಹಾಸಿಗೆ!

ಇದನ್ನು ಕೆಡಿಸಿದ್ದು ನಳ. ಮನೆಬಾಗಿಲಿಗೆ ನಳ ಬಂದಮೇಲೆ ಕೊಡ ಇತ್ತ ಸುಳಿಯಲಿಲ್ಲ, ಕೊಡದ ದಾರಿಯಲ್ಲಿ ಕಸ ಬಂತು. ಹಿಂದೆಯೇ ಗಣೇಶನೂ ಬಂದ. ಮಣ್ಣಿನ ಗಣೇಶ ಬೇಗ ಕರಗಿ ಕೆಸರಾಗುತ್ತಾನೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗಣೇಶ ಹಟಮಾರಿ, ತಿಂಗಳುಗಟ್ಟಲೆ ಕೈಕಾಲು ಸಮೇತ ತಳದಲ್ಲೇ ಕೂರುತ್ತಾನೆ. ಈ ಸೀಮೆಯ ನೆಲ ಕಪ್ಪುಕಲ್ಲಿನದು, ಒರತೆ ಬರುವುದು ಕಲ್ಲಿನ ಬಿರುಕುಗಳಿಂದ. ಅವಕ್ಕೆ ಹೂಳು ಮೆತ್ತಿಕೊಂಡರೆ ಬಾವಿ ಬರೀ ತೊಟ್ಟಿ.

ಹಿಂದಿನ ದಶಕದಲ್ಲಿ ನೀರು ಹೊರಹಾಕಿ ಇಲ್ಲಿ ಹೂಳೆತ್ತಿದರು. ಕೇಳಲು ಸುಲಭ. ಆದರೆ ಹಳೆಯ ಬಾವಿಯನ್ನು ಪಂಪು ಹಚ್ಚಿ ಒಂದೇ ರಾತ್ರಿ ಬರಿದು ಮಾಡುವಂತಿಲ್ಲ. ಗೋಡೆಯ ಹಿಂದಿನ ಮಣ್ಣು ಇನ್ನೂ ನೀರು ಕುಡಿದು ಭಾರವಾಗಿರುತ್ತದೆ; ಎದುರಿನಿಂದ ಆತು ನಿಂತಿದ್ದ ನೀರು ಥಟ್ಟನೆ ಹೋದರೆ ಗೋಡೆ ಹೊಟ್ಟೆ ಬಿಡುತ್ತದೆ. ಸ್ವಲ್ಪಸ್ವಲ್ಪವೇ ಇಳಿಸಬೇಕು. ಸಂದಿನಲ್ಲಿ ಚಿಗುರಿದ ಅರಳಿ ಸಸಿಯನ್ನು ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ, ಕತ್ತರಿಸಿ ಬೇರನ್ನು ಒಳಗೇ ಸಾಯಿಸಬೇಕು. ಆಮೇಲೆ ಸಂದು ತುಂಬಲು ಸುಣ್ಣದ ಗಾರೆ. ಅದು ಒಣಗುವಷ್ಟು ತಾಳ್ಮೆ ಗುತ್ತಿಗೆದಾರರಿಗೆ ಇರುವುದು ಅಪರೂಪ, ಹಾಗಾಗಿ ಸಿಮೆಂಟು. ಸಿಮೆಂಟು ತೇವವನ್ನು ಹೊರಬಿಡದು; ಕೆಲವು ವರ್ಷಕ್ಕೆ ಸಂದು ಗಟ್ಟಿಯಾಗಿಯೇ ಇದ್ದು ಕಲ್ಲಿನ ಅಂಚು ಉದುರುತ್ತದೆ. ಯಾವ ಹಳೆಯ ಬಾವಿಗೆ ಹೋದರೂ ಗೋಡೆ ನೋಡಿ: ಉಬ್ಬಿದ ಬೂದು ಗೆರೆ ಸಿಮೆಂಟಿನದು, ಒಳಸರಿದ ಕೆನೆಬಣ್ಣದ್ದು ಗಾರೆಯದು.

ಇಷ್ಟಾದರೂ ಅರ್ಧ ಕೆಲಸವೇ. ಕದಲದ ನೀರಿಗೆ ಗಾಳಿ ಬೆರೆಯದು. ಮೇಲೆ ಪಾಚಿ ಹಬ್ಬುತ್ತದೆ, ಸತ್ತು ತಳ ಸೇರುತ್ತದೆ, ಮತ್ತೆ ಹೂಳಾಗುತ್ತದೆ. ಕುಡಿಯಲು ಬೇಡ, ಗಿಡಗಳಿಗೆಂದು ದಿನವೂ ನಾಲ್ಕು ಟ್ಯಾಂಕರ್ ಎತ್ತಿದರೂ ಒರತೆಗಳು ಕಣ್ಣು ಬಿಟ್ಟುಕೊಂಡಿರುತ್ತವೆ. ಉದ್ಘಾಟನೆಯ ಕತ್ತರಿಗಿರುವ ಮರ್ಯಾದೆ ಸೇದುವ ಹಗ್ಗಕ್ಕೆ ಯಾಕಿಲ್ಲವೋ!

ಮೆಟ್ಟಿಲ ಬಾವಿ ನೋಡಲು ಬೇಸಿಗೆಯ ಬೆಳಗು ವಾಸಿ. ನೀರು ತಗ್ಗಿ, ಮಳೆಗಾಲದಲ್ಲಿ ಮುಳುಗಿದ್ದ ಮೆಟ್ಟಿಲುಗಳು ಹೊರಬಿದ್ದಿರುತ್ತವೆ, ನೀರು ಎಲ್ಲೆಲ್ಲಿ ನಿಂತಿತ್ತೆಂಬ ಗೆರೆಗಳೂ ಗೋಡೆಯ ಮೇಲೆ ಕಾಣುತ್ತವೆ. ಮೊಬೈಲು ಹಿಡಿದವರು ಮೇಲಿನಿಂದ "ಇನ್ನೊಂದು ಮೆಟ್ಟಿಲು ಕೆಳಗೆ" ಎಂದು ಕೂಗುತ್ತಾರೆ. ಪಾಚಿ ಇರುವುದು ಆ ಇನ್ನೊಂದರ ಮೇಲೆಯೇ.