ಡಿಸ್ಕ್ ಹೊರಗೆ ಬರುವ ತನಕ ಇನ್‌ಸ್ಟಾಲೇಷನ್ ಮುಗಿದಿಲ್ಲ

ಕಾಲೇಜು ಲ್ಯಾಬುಗಳಿಗೆ ಲಿನಕ್ಸ್ ಹಾಕಲು ಸ್ಕ್ರಿಪ್ಟ್ ಬರೆಯುವವರು ಪಾರ್ಟಿಷನ್ (ಹಾರ್ಡ್ ಡಿಸ್ಕಿನ ವಿಭಾಗ), ಪಾಸ್‌ವರ್ಡ್, ಪ್ಯಾಕೇಜುಗಳ ಬಗ್ಗೆ ಎಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರೆ! ಕೆಲಸ ಮುಗಿದ ಮೇಲೆ ಡ್ರೈವಿನೊಳಗಿನ ಡಿವಿಡಿಯ ಗತಿ ಏನು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಇದನ್ನು ಸಣ್ಣ ಮರೆವು ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ತಾನಾಗಿ ನಡೆಯುವ ಇನ್‌ಸ್ಟಾಲೇಷನ್ ಯಾರನ್ನೂ ಕೇಳುವುದಿಲ್ಲ. ಫೆಡೋರಾ, ರೆಡ್ ಹ್ಯಾಟ್ ಲಿನಕ್ಸ್‌ಗಳಲ್ಲಿ ಇನ್‌ಸ್ಟಾಲರಿನ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಕಿಕ್‌ಸ್ಟಾರ್ಟ್ ಕಡತದಲ್ಲಿ ‘ಕ್ಲಿಯರ್‌ಪಾರ್ಟ್ --ಆಲ್’ ಎಂದಿದ್ದರೆ ಹಾರ್ಡ್ ಡಿಸ್ಕಿನ ಹಳೆಯ ಪಾರ್ಟಿಷನ್‌ಗಳೆಲ್ಲ ಹೋಗುತ್ತವೆ. ಮೊದಲ ಸಲ ನಮಗೆ ಬೇಕಾದದ್ದೂ ಅದೇ. ಆದರೆ ಬಯೋಸ್‌ನಲ್ಲಿ, ಅಂದರೆ ಯಂತ್ರ ಯಾವುದರಿಂದ ಏಳಬೇಕೆಂದು ನೋಡುವ ಆರಂಭದ ತಂತ್ರಾಂಶದಲ್ಲಿ, ಡಿವಿಡಿ ಡ್ರೈವ್ ಮೊದಲಿದ್ದು ಡಿಸ್ಕ್ ಒಳಗೇ ಉಳಿದರೆ, ಮುಂದಿನ ಬೂಟ್‌ನಲ್ಲಿ ಮತ್ತೆ ಅದೇ ಕಥೆ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಮಳೆಯ ಸಂಜೆ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಕರೆಂಟ್ ಬಂದಾಗ ಮೂಲೆಯ ಯಂತ್ರ ತಾನೇ ಎದ್ದು, ಡಿವಿಡಿ ಗಿರ್ರೆಂದು ತಿರುಗಿ, ಇನ್‌ಸ್ಟಾಲರ್ ಶುರುವಾಯಿತು. ‘ಸರ್, ನನ್ನ ಪ್ರಾಜೆಕ್ಟ್ ಇದರಲ್ಲೇ ಇದೆ’ ಎಂದು ಅಂತಿಮ ವರ್ಷದ ಹುಡುಗಿಯೊಬ್ಬಳು ಓಡಿ ಬಂದಳು. ಅಷ್ಟರಲ್ಲಿ ಹೊಸ ಪಾರ್ಟಿಷನ್ ಆಗಿಹೋಗಿತ್ತು.

ಕಿಕ್‌ಸ್ಟಾರ್ಟ್‌ನಲ್ಲಿ ಇದಕ್ಕೆ ಒಂದೇ ಪದ ಸಾಕು: ‘ರೀಬೂಟ್’ ಎನ್ನುವ ಕಡೆ ‘ರೀಬೂಟ್ --ಇಜೆಕ್ಟ್’. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ ಇನ್‌ಸ್ಟಾಲರ್ ಹೇಳದೆಯೇ ಡಿಸ್ಕನ್ನು ಹೊರಗೆ ತಳ್ಳುತ್ತದೆ. ಕಿಕ್‌ಸ್ಟಾರ್ಟ್‌ನಂತೆಯೇ ಅಲ್ಲಿ ಉತ್ತರಗಳನ್ನು ಬರೆದಿಡುವ ಪ್ರಿಸೀಡ್ ಕಡತದಲ್ಲಿ ‘ಸಿಡಿರಾಮ್-ಡಿಟೆಕ್ಟ್/ಇಜೆಕ್ಟ್’ ಅನ್ನು ‘ಫಾಲ್ಸ್’ ಮಾಡಿ ಅದನ್ನು ತಡೆಯುವವರಿದ್ದಾರೆ. ದಯವಿಟ್ಟು ಬೇಡ. ವಿಂಡೋಸ್ ಡಿಸ್ಕ್ ‘ಯಾವುದಾದರೂ ಕೀ ಒತ್ತಿ’ ಎಂದು ಕೆಲವು ಸೆಕೆಂಡ್ ಕಾಯುತ್ತದಲ್ಲ, ಅದನ್ನು ಕಿರಿಕಿರಿ ಎಂದು ತೆಗೆದುಹಾಕುವವರಿಗೂ ಇದೇ ಮಾತು. ಯಾರೂ ಕೀ ಒತ್ತದಿದ್ದರೆ ಯಂತ್ರ ಹಾರ್ಡ್ ಡಿಸ್ಕಿನಿಂದಲೇ ಏಳುತ್ತದೆ. ಆ ಕೆಲವು ಸೆಕೆಂಡೇ ಅಲ್ಲಿ ಕಾವಲು.

ಇಷ್ಟಾದರೂ ಇಜೆಕ್ಟ್ ಒಂದನ್ನೇ ನಾನು ನಂಬುವುದಿಲ್ಲ. ಟ್ರೇ ಹೊರಗೆ ಬಂದಿದ್ದನ್ನು ಕಂಡರೆ ಕಸ ಗುಡಿಸಲು ಬಂದವರು ಒಳಗೆ ತಳ್ಳುತ್ತಾರೆ, ಅವರದೇನೂ ತಪ್ಪಿಲ್ಲ. ಆದ್ದರಿಂದ ಬೂಟ್ ಕ್ರಮದಲ್ಲಿ ಹಾರ್ಡ್ ಡಿಸ್ಕ್ ಮೊದಲಿರಲಿ, ಡಿವಿಡಿ ಎರಡನೆಯದಿರಲಿ. ಹೊಸ ಖಾಲಿ ಹಾರ್ಡ್ ಡಿಸ್ಕಿನಲ್ಲಿ ಬೂಟ್‌ಲೋಡರ್ (ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಇರುವುದಿಲ್ಲವಾದ್ದರಿಂದ ಯಂತ್ರ ತಾನಾಗಿ ಡಿವಿಡಿಗೆ ಹೋಗುತ್ತದೆ. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಡಿವಿಡಿ ಒಳಗಿದ್ದರೂ ಅದರತ್ತ ತಿರುಗಿ ನೋಡುವುದಿಲ್ಲ. ಹಳೆಯ ವ್ಯವಸ್ಥೆ ಇರುವ ಯಂತ್ರವಾದರೆ ಒಂದು ಸಲಕ್ಕೆ ಬೂಟ್ ಮೆನುವಿನಿಂದ ಡಿವಿಡಿ ಆರಿಸಿದರಾಯಿತು.

ಡೆಬಿಯನ್ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಿ. ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ‘ಸೋರ್ಸಸ್.ಲಿಸ್ಟ್’ ಕಡತದಲ್ಲಿ ‘ಡೆಬ್ ಸಿಡಿರಾಮ್’ ಎಂಬ ಸಾಲು ಉಳಿದಿದ್ದರೆ, ತಿಂಗಳುಗಳ ನಂತರ ಪ್ಯಾಕೇಜ್ ಹಾಕಲು ಹೋದಾಗಲೂ ಅದೇ ಡಿಸ್ಕನ್ನು ಕೇಳುತ್ತದೆ. ಲ್ಯಾಬ್ ಸಹಾಯಕರು ಆಗ ಅದನ್ನು ಹುಡುಕಿ ತಂದು ಡ್ರೈವಿಗೆ ಹಾಕುತ್ತಾರೆ, ತೆಗೆಯುವುದಿಲ್ಲ. ಪ್ರಿಸೀಡ್‌ನಲ್ಲೇ ಆ ಸಾಲನ್ನು ನಿಷ್ಕ್ರಿಯಗೊಳಿಸಬಹುದು.